ಎರೆಭೂಮಿಯಲ್ಲಿ ನರಭಕ್ಷಕ ವೃಕ್ಷವುಂಟೇ?

ಮೊಬೈಲ್ ಆಟಗಳಲ್ಲಿ ಬಾಯ್ದೆರೆದು ವೀರರನ್ನು ನುಂಗುವ ಗಿಡಗಳು ಭೂಮಿಯ ಮೇಲೆ ಎಲ್ಲಿಯಾದರೂ ಉಂಟೇ ಎಂಬುದು ಬನಹಟ್ಟಿಯ ಬಾಲವಾಚಕನೊಬ್ಬನ ಪ್ರಶ್ನೆ. 1985ರ ಸೂಪರ್ ಮಾರಿಯೋ ಆಟದಲ್ಲಿ ಕೊಳವೆಯೊಳಗಿಂದ ಹಲ್ಲು ಮಸೆಯುತ್ತ ಮೇಲೇಳುವ ಪಿರಾನ್ಹಾ ಗಿಡವು ಈ ರಾಕ್ಷಸಕುಲದಲ್ಲಿ ಸುಪ್ರಸಿದ್ಧವಾದುದಾದರೂ, ವಂಶದ ಮೂಲವನ್ನರಸುವವರು ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಪತ್ರಿಕಾ ಕಚೇರಿಯನ್ನು ಮುಟ್ಟಬೇಕಾಗುತ್ತದೆ. ಮಡಗಾಸ್ಕರ್ ದ್ವೀಪದಲ್ಲಿ ಸ್ತ್ರೀಯೊಬ್ಬಳನ್ನು ಆಹುತಿಗೊಂಡ ಮರವನ್ನು ಕಣ್ಣಾರೆ ಕಂಡೆನೆಂಬ ಪಂಡಿತನೊಬ್ಬನ ವೃತ್ತಾಂತವನ್ನು 1874ರಲ್ಲಿ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆ ಅಚ್ಚುಹಾಕಿತು. ಮರವೂ ಸುಳ್ಳು, ಪಂಡಿತನೂ ಸುಳ್ಳು. ಸುದ್ದಿ ಮಾತ್ರ ಖಂಡಾಂತರಗಳನ್ನು ದಾಟಿತು.

ಮರುವರ್ಷವೇ ಚಾರ್ಲ್ಸ್ ಡಾರ್ವಿನ್ನನು, 1860ರಲ್ಲಿ ಆರಂಭಿಸಿದ ಪರೀಕ್ಷೆಗಳ ಫಲವಾಗಿ, ಕೀಟಾಹಾರಿ ಸಸ್ಯಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಡ್ರೊಸೆರಾ ಗಿಡದ ಎಲೆಗಳ ಮೇಲೆ ಅವನು ಹಾಲನ್ನೂ ಮೊಟ್ಟೆಯ ಬಿಳಿಯನ್ನೂ ಮಾಂಸದ ರಸವನ್ನೂ ತೊಟ್ಟಿಕ್ಕಿಸಿದಾಗ ಅವುಗಳ ಅಂಟುಗೂದಲುಗಳು ಬಾಗಿದವು. ಸಕ್ಕರೆಯ ನೀರಿಗೂ ಎಣ್ಣೆಗೂ ಅವು ಮಿಸುಕಲೇ ಇಲ್ಲ. ರಹಸ್ಯವಿರುವುದು ಇಲ್ಲಿಯೇ. ಸಕ್ಕರೆಯನ್ನು ಬಿಸಿಲಿನಲ್ಲಿ ತಾನೇ ತಯಾರಿಸಿಕೊಳ್ಳುವ ಗಿಡಕ್ಕೆ ಕೊರತೆಯಿರುವುದು ಸಾರಜನಕದ್ದು. ಆದಕಾರಣ ಹುಳುವು ಅದರ ಪಾಲಿಗೆ ಊಟವಲ್ಲ, ಜಮಖಂಡಿಯ ರೈತನು ಕಬ್ಬಿಗೆ ಹಾಕುವ ಯೂರಿಯಾದಂತೆ ಕೇವಲ ಗೊಬ್ಬರ. ಬಲೆಯನ್ನು ಕಟ್ಟುವುದು ವೆಚ್ಚದ ಕಾರ್ಯವಾದುದರಿಂದಲೇ, ಅಮೆರಿಕೆಯ ವೀನಸ್ ನೊಣಬೋನು ಒಂದು ಸ್ಪರ್ಶಕ್ಕೆ ಮುಚ್ಚದೆ, ಸುಮಾರು ಇಪ್ಪತ್ತು ಸೆಕೆಂಡುಗಳೊಳಗೆ ಎರಡನೆಯ ಸ್ಪರ್ಶವಾದ ಮೇಲೆಯೇ ಮುಚ್ಚುತ್ತದೆ. ನಮ್ಮ ಪಶ್ಚಿಮಘಟ್ಟದ ಜಂಬಿಟ್ಟಿಗೆಯ ಬಂಜರಿನಲ್ಲಿ ಮಳೆಗಾಲದಲ್ಲಿ ಡ್ರೊಸೆರಾ, ಯುಟ್ರಿಕ್ಯುಲೇರಿಯಾಗಳೆಂಬ ಕೀಟಾಹಾರಿ ಗಿಡಗಳು ಕಾಣಸಿಗುವುದಕ್ಕೆ ಆ ನೆಲದ ದಾರಿದ್ರ್ಯವೇ ಕಾರಣ. ಕೃಷ್ಣೆ ಘಟಪ್ರಭೆಯರು ನೀರೂಡಿಸುವ, ರೈತರು ಗೊಬ್ಬರವೂಡಿಸುವ ಮುಧೋಳ, ಬೀಳಗಿಗಳ ಎರೆಭೂಮಿಯಲ್ಲಿ ಬಲೆ ಕಟ್ಟುವ ಗಿಡಕ್ಕೆ ಸಿಗುವುದು ನಷ್ಟವೇ. ಬೋರ್ನಿಯೋದ ಕೀಟಾಹಾರಿ ಮಹಾಹೂಜಿಗಿಡದಲ್ಲಿ ಒಮ್ಮೊಮ್ಮೆ ಇಲಿ ಸಿಕ್ಕುವುದುಂಟು. ಅದಕ್ಕಿಂತ ದೊಡ್ಡ ಬೇಟೆ ಜೀರ್ಣವಾಗುವ ಮೊದಲೇ ಕೊಳೆಯುವುದರಿಂದ, ನರಭಕ್ಷಕ ವೃಕ್ಷಕ್ಕೆ ಪ್ರಕೃತಿಯಲ್ಲಿ ಎಡೆಯಿಲ್ಲ.

ಆದರೆ ಕಬ್ಬು, ಜೋಳಗಳ ಹೊಲದಲ್ಲಿ ಹಲ್ಲಿಲ್ಲದ ರಾಕ್ಷಸನೊಬ್ಬನಿದ್ದಾನೆ. ಸ್ಟ್ರೈಗಾ ಎಂಬ ಆ ಪುಟ್ಟ ಕಳೆಯ ಬೀಜವು ಧೂಳಿನಷ್ಟು ಸೂಕ್ಷ್ಮವಾದುದು. ಹತ್ತಾರು ವರ್ಷ ಮಣ್ಣಿನಲ್ಲಿ ಕಾದಿದ್ದು, ಬೆಳೆಯ ಬೇರು ಸ್ರವಿಸುವ ರಾಸಾಯನಿಕದ ಸುಳಿವು ದೊರೆತೊಡನೆ ಮೊಳೆತು, ಆ ಬೇರನ್ನೇ ಚುಚ್ಚಿ, ನೀರನ್ನೂ ಸಾರವನ್ನೂ ಹೀರತೊಡಗುತ್ತದೆ. ಆ ರಾಸಾಯನಿಕಗಳಲ್ಲೊಂದಾದ ಸ್ಟ್ರೈಗಾಲನ್ನು ವಿಜ್ಞಾನಿಗಳು 1966ರಲ್ಲಿ ಮೊದಲು ಪ್ರತ್ಯೇಕಿಸಿದ್ದು ಹತ್ತಿಯ ಬೇರಿನಿಂದ. ಹತ್ತಿಯು ಈ ಬೀಜವನ್ನು ಮೊಳೆಯಿಸುತ್ತದೆ, ಆದರೆ ತಾನು ಅದಕ್ಕೆ ಆಶ್ರಯ ಕೊಡುವುದಿಲ್ಲ. ಹುಟ್ಟಿದ ಮೊಳಕೆ ಹಸಿದು ಸಾಯುತ್ತದೆ. ಆದುದರಿಂದ ರಾಕ್ಷಸಬೇಟೆಯ ಉತ್ಸಾಹವುಳ್ಳ ಬಾಲಕರು ಹೊಲಕ್ಕಿಳಿದು ಸ್ಟ್ರೈಗಾವನ್ನು ಹೂಬಿಡುವುದಕ್ಕೆ ಮೊದಲೇ ಕಿತ್ತುಹಾಕಲಿ; ಹಿರಿಯರು ಬೆಳೆಯ ಸರದಿಯಲ್ಲಿ ಹತ್ತಿಗೊಂದು ಸ್ಥಾನ ಕೊಡಲಿ.