ಕೂಸಿನ ಜೊತೆ ಅವ್ವನನ್ನೂ ನೋಡಿಕೊಳ್ಳುವವರು

ಹಾವೇರಿ ಜಿಲ್ಲೆಯ ಹುಲಗೂರಿನ ಕಡೆ ಚೊಚ್ಚಲ ಬಾಣಂತನ ಸಾಮಾನ್ಯವಾಗಿ ತವರಿನಲ್ಲಿ. ಕುಬಸ ಮುಗಿಸಿ ಬಂದ ಮಗಳಿಗೆ ಹೆರಿಗೆಯ ನಂತರ ಅಂಟಿನ ಉಂಡಿ, ಎಣ್ಣೆ ನೀರು, ಬೆಚ್ಚನೆಯ ಕೋಣೆ. ಕೂಸಿಗೆ ಕುಂಚಿಗೆ, ತೊಟ್ಟಿಲು. ಮೈಯ ಆರೈಕೆಗೆ ಕೊರತೆಯಿಲ್ಲ. ಆದರೆ ಆ ಮಗಳು ಕೂಸು ಅತ್ತರೂ ಗೋಡೆ ಕಡೆ ಮುಖ ಮಾಡಿ ಮಲಗಿದರೆ, ‘ಹೆತ್ತ ಕರುಳು ಹಿಂಗೂ ಇರತೈತೇನು?’ ಎಂಬ ಮಾತು ಬಂದುಬಿಡುತ್ತದೆ. ಇರುತ್ತದೆ. ಅದು ಅವಳ ತಪ್ಪೂ ಅಲ್ಲ.

ತಾಯಿ–ಮಗುವಿನ ನಂಟನ್ನು ಮನೋವಿಜ್ಞಾನದ ನಡುಮನೆಗೆ ತಂದವರು ಬ್ರಿಟನ್ನಿನ ಜಾನ್ ಬೌಲ್ಬಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಬರೆದ ವರದಿ 1951ರಲ್ಲಿ ಹೊರಬಂತು. ಎಳೆ ಮಗುವಿಗೆ ಹಾಲು, ಬಟ್ಟೆಗಳಷ್ಟೇ ಸಾಲವು, ನೆಚ್ಚಿಕೊಳ್ಳಲು ಒಂದು ಜೀವ ಬೇಕು ಎಂಬುದು ಅದರ ತಿರುಳು. ಜಗತ್ತು ಅಷ್ಟನ್ನೇ ಹಿಡಿದುಕೊಂಡು ಎಲ್ಲ ಭಾರವನ್ನೂ ತಾಯಿಯ ತಲೆಗೆ ಕಟ್ಟಿತು. ಮಕ್ಕಳಿಗೆ ಬೆಲೆ ಕೊಡುವ ಸಮಾಜ ಅವರ ತಂದೆತಾಯಿಯನ್ನೂ ಪೊರೆಯಬೇಕು ಎಂದು ಬೌಲ್ಬಿ ಅದೇ ವರದಿಯಲ್ಲಿ ಹೇಳಿದ್ದು ಮಾತ್ರ ಹಿಂದೆ ಉಳಿಯಿತು. ನನಗೆ ಮುಖ್ಯವಾಗಿ ಕಾಣುವುದು ಆ ಎರಡನೆಯ ಮಾತೇ.

1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಒಂದು ಸರಳ ಪ್ರಯೋಗ ಮಾಡಿದರು. ಕೂಸಿನ ಜೊತೆ ನಗುತ್ತ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂರಬೇಕು, ಒಂದೆರಡು ನಿಮಿಷ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡಿ ಕರೆಯುತ್ತದೆ. ಏನು ಮಾಡಿದರೂ ಆಗದಾಗ ಮುಖ ತಿರುವಿ ಬಾಡಿಹೋಗುತ್ತದೆ. ಮಾತು ಬಾರದ ಕೂಸೂ ಒಲವನ್ನು ಬರೀ ಪಡೆಯುವುದಿಲ್ಲ, ಕೇಳಿ ಎಳೆದುಕೊಳ್ಳುತ್ತದೆ ಎಂದು ಹೀಗೆ ತಿಳಿಯಿತು. ಟ್ರಾನಿಕ್ ಅವರ ಮುಂದಿನ ಅಧ್ಯಯನಗಳಲ್ಲಿ ಕಂಡದ್ದು ಇನ್ನೂ ಸಮಾಧಾನದ ಸಂಗತಿ: ಆರೋಗ್ಯವಂತ ತಾಯಿ–ಕೂಸುಗಳೂ ಒಬ್ಬರಿಗೊಬ್ಬರು ಸರಿಯಾಗಿ ಹೊಂದಿಕೊಂಡಿರುವುದು ಶೇ. 30ರಷ್ಟು ಹೊತ್ತು ಮಾತ್ರ. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಕೂಡುವುದು. ನಂಟು ಗಟ್ಟಿಯಾಗುವುದು ಆ ಮತ್ತೆ ಕೂಡುವುದರಲ್ಲಿ.

ಮನಸ್ಸು ಕುಸಿದ ತಾಯಿಗೆ ಕಷ್ಟವಾಗುವುದೂ ಅದೇ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಒಂದು ವಿಶ್ಲೇಷಣೆಯ ಪ್ರಕಾರ ಹೆರಿಗೆಯಾದ ಹೆಂಗಸರಲ್ಲಿ ಸುಮಾರು ಶೇ. 22 ಮಂದಿಗೆ ಖಿನ್ನತೆ. ಬಾಣಂತಿ ಸನ್ನಿ ಎಂದು ಹಳಬರು ಹೆದರುತ್ತಿದ್ದ ತೀವ್ರ ಮನೋರೋಗ ಸಾವಿರ ಹೆರಿಗೆಗೆ ಒಂದೋ ಎರಡೋ.

ಇಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ–ಶಿಶು ಒಳರೋಗಿ ಘಟಕ ತೆರೆಯಿತು, ದೇಶದಲ್ಲೇ ಮೊದಲನೆಯದು. ಮನೋವೈದ್ಯೆ ಪ್ರಭಾ ಚಂದ್ರ ಅದರ ಹಿಂದಿನ ಮುಖ್ಯ ಶಕ್ತಿ. ಅಲ್ಲಿ ತಾಯಿಯನ್ನು ಕೂಸಿನಿಂದ ಅಗಲಿಸುವುದಿಲ್ಲ, ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಜೊತೆಗೆ ಮನೆಯವರೊಬ್ಬರೂ ಇರುತ್ತಾರೆ. ಔಷಧದ ಜೊತೆಗೇ ಕೂಸನ್ನು ಎತ್ತಿಕೊಳ್ಳುವುದು, ಉಣಿಸುವುದು, ಮಾತಾಡಿಸುವುದು ನಡೆಯುತ್ತದೆ. ರೋಗ ಇಳಿದಂತೆ ಬಹುಪಾಲು ತಾಯಂದಿರಲ್ಲಿ ಮಮತೆ ಮರಳುತ್ತದೆ. ನಮ್ಮ ಬಾಣಂತನದ ಕೋಣೆಯನ್ನೇ ಆಸ್ಪತ್ರೆಯೊಳಗೆ ಕಟ್ಟಿದಂತಿದೆ ಇದು.

ಹಾಗಾದರೆ ತವರುಮನೆಗೆ ಅರ್ಧ ದಾರಿ ಆಗಲೇ ಗೊತ್ತಿದೆ. ಉಂಡೆಯಾ ಎಂದು ಕೇಳುವ ಅವ್ವ, ನಿದ್ದೆ ಹತ್ತಿತ್ತಾ, ಅಳು ಬರತೈತಾ ಎಂದೂ ಕೇಳಬೇಕು. ಬಾಣಂತಿಯರ ಖಿನ್ನತೆಯನ್ನು ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರ್ಗ್ ಪ್ರಶ್ನಾವಳಿ ಕೇಳುವುದೂ ಹೆಚ್ಚುಕಡಿಮೆ ಇದನ್ನೇ: ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ. ನಗು ಬರುತ್ತಿದೆಯೇ, ಸುಮ್ಮಸುಮ್ಮನೆ ದಿಗಿಲಾಗುತ್ತಿದೆಯೇ, ಕೊನೆಯದು ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ ಬಂದಿತ್ತೇ. ಈ ಕೊನೆಯದಕ್ಕೆ ಹೌದೆಂದರೆ ಒಂದು ದಿನವೂ ಕಾಯುವಂತಿಲ್ಲ. ಹೆರಿಗೆಯಾದ ಮೊದಲ ವಾರಗಳಲ್ಲಿ ನಿದ್ದೆಯೇ ಬಾರದೆ, ಇಲ್ಲದ ದನಿ ಕೇಳಿಸಿ, ಅಸಂಬದ್ಧವಾಗಿ ಮಾತಾಡತೊಡಗಿದರೂ ಹಾಗೆಯೇ; ದೃಷ್ಟಿ ತೆಗೆದು ನೋಡೋಣ ಎನ್ನುವ ಹೊತ್ತಲ್ಲ ಅದು.

ಹುಲಗೂರಿಗೆ ಬೆಂಗಳೂರು ದೂರ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಇನ್ನೂ ಹತ್ತಿರದ್ದು 14416, 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಲು ಬಾಣಂತಿಗೆ ಆಗದಿದ್ದರೆ ಅವಳ ಅವ್ವನೋ ಗಂಡನೋ ಮಾಡಬಹುದು.