ಕುಡಿತ ಕಾಯಿಲೆಯೂ ಹೌದು: ಡಾ. ಪ್ರತಿಮಾ ಮೂರ್ತಿ ಅವರ ಕೆಲಸ

ವಿದ್ಯಾರ್ಥಿಗಳೇ, ನಮ್ಮ ತಾಳವಾಡಿ ಕಡೆ ಕುಡಿತ ಬಿಡಿಸೋಕೆ ಮಾದಪ್ಪನ ಮೇಲೆ ಆಣೆ ಮಾಡಿಸುವುದುಂಟು. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ಆಣೆ ಮುರಿದವರನ್ನು ಬೈದರೆ ಕಾಯಿಲೆ ವಾಸಿಯಾಗದು.

ಹೌದು, ವ್ಯಸನ ಒಂದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯೆ ಡಾ. ಪ್ರತಿಮಾ ಮೂರ್ತಿ ತಮ್ಮ ವೃತ್ತಿಜೀವನದ ಬಹುಭಾಗವನ್ನು ಇದರ ಚಿಕಿತ್ಸೆಗೇ ಕೊಟ್ಟವರು. ಅಲ್ಲಿನ ವ್ಯಸನ ಚಿಕಿತ್ಸಾ ಕೇಂದ್ರವನ್ನು ಮುನ್ನಡೆಸಿದ ಅವರು 2021ರಲ್ಲಿ ಸಂಸ್ಥೆಯ ನಿರ್ದೇಶಕಿಯಾದರು.

ಚಿಕಿತ್ಸೆ ಯಾಕೆ ಬೇಕು? ಮದ್ಯ ಮಿದುಳಿಗೆ ಬ್ರೇಕ್ ಇದ್ದ ಹಾಗೆ, ನರಕೋಶಗಳ ಕೆಲಸವನ್ನು ನಿಧಾನ ಮಾಡುತ್ತದೆ. ದಿನಾ ಕುಡಿದರೆ ಮಿದುಳು ಅದಕ್ಕೆ ಹೊಂದಿಕೊಂಡು ತನ್ನ ವೇಗ ಹೆಚ್ಚಿಸಿಕೊಳ್ಳುತ್ತದೆ. ಒಮ್ಮೆಗೇ ನಿಲ್ಲಿಸಿದರೆ, ದಿಂಬಂ ಘಾಟಿಯ 27 ತಿರುವು ಇಳಿಯುವ ಲಾರಿಗೆ ಬ್ರೇಕ್ ತಪ್ಪಿದಂತೆ! ಮೊದಲು ಕೈನಡುಕ, ನಿದ್ದೆಗೇಡು. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಕೆಲವರಿಗೆ ಇಲ್ಲದ್ದು ಕಾಣಿಸಿ ಗಾಬರಿಯಾಗುತ್ತದೆ. ಇದು ಜೀವಕ್ಕೇ ಅಪಾಯ. ಆದ್ದರಿಂದ ವರ್ಷಗಟ್ಟಲೆ ದಿನಾ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಬಾರದು. ವೈದ್ಯರು ಮಾತ್ರೆ ಕೊಟ್ಟು, ಅದನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಆಮೇಲೆ ಮನೆಯವರನ್ನೂ ಕೂರಿಸಿಕೊಂಡು ತಿಂಗಳುಗಟ್ಟಲೆ ಆಪ್ತಸಲಹೆ. ನಡುವೆ ಮತ್ತೆ ಕುಡಿದರೆ ಚಿಕಿತ್ಸೆ ಮುಂದುವರಿಸಬೇಕು, ಕೈಬಿಡಬಾರದು.

ಬೆಂಗಳೂರು ದೂರವಾದರೂ ಫೋನ್ ಹತ್ತಿರವಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಹೊಗೆಸೊಪ್ಪು, ಬೀಡಿ ಬಿಡಲು 1800-11-2356.

ಮನೆಯಲ್ಲಿ ಯಾರಾದರೂ ಕುಡಿಯುತ್ತಿದ್ದರೆ ಅದು ನಿಮ್ಮ ತಪ್ಪಲ್ಲ, ನಾಚಿಕೆಪಟ್ಟು ಮುಚ್ಚಿಡಬೇಡಿ. ನಂಬಿಕೆಯ ದೊಡ್ಡವರೊಬ್ಬರಿಗೆ, ಇಲ್ಲವೇ ನಿಮ್ಮ ಟೀಚರ್‌ಗೆ ಹೇಳಿ.