ಮನೆಯ ಸಾಮಗ್ರಿಯಲ್ಲೇ ಕ್ರಿಸ್ಮಸ್ ಹಬ್ಬ

ರಾಗಿಯ ಕೊಯ್ಲು ಮುಗಿದು ಮೆದೆ ಹಾಕಿ, ಕಣದ ಕೆಲಸಕ್ಕೆ ಕೈಹಚ್ಚುವ ಕಾಲದಲ್ಲಿ ಕ್ರಿಸ್ಮಸ್ ಹಬ್ಬ ಬರುತ್ತದೆ. ಅವರೆಕಾಯಿಗೆ ಸೊಗಡು ಏರಿರುತ್ತದೆ. ಕಬ್ಬಿನ ಸೀಮೆಯಲ್ಲಿ ಆಲೆಮನೆಯ ಹೊಗೆ ಕಾಣುತ್ತದೆ. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಈ ದಿನಗಳಲ್ಲಿಯೇ. ಅದೇ ಕಾರಣದಿಂದ ಕಾಸು ಕೈಯಿಂದ ಜಾರಿಹೋಗುವುದೂ ಈ ದಿನಗಳಲ್ಲಿಯೇ. ವರ್ಷವಿಡೀ ದುಡಿದು ಪಡೆದ ಹಣ ಎಂಟು ದಿನಗಳ ಹಬ್ಬದಲ್ಲಿ ಕರಗಿದರೆ, ಬೇಸಿಗೆ ಬೆಳೆಯ ಬೀಜಕ್ಕೂ ಗೊಬ್ಬರಕ್ಕೂ ಮತ್ತೆ ಸಾಲದ ಬಾಗಿಲು ತಟ್ಟಬೇಕಾಗುತ್ತದೆ.

ಲೆಕ್ಕ ಹಾಕಿ ನೋಡಿ. ಹಬ್ಬಕ್ಕೆಂದು ೧೦,೦೦೦ ರೂಪಾಯಿ ಕೈಸಾಲ ತಂದಿರೆಂದೂ, ಬಡ್ಡಿ ನೂರಕ್ಕೆ ತಿಂಗಳಿಗೆ ೩ ರೂಪಾಯಿ ಎಂದೂ ಇಟ್ಟುಕೊಳ್ಳಿ. ತಿಂಗಳಿಗೆ ೩೦೦ ರೂಪಾಯಿ ಬಡ್ಡಿ. ಮುಂದಿನ ಕ್ರಿಸ್ಮಸ್ ಬರುವ ಹೊತ್ತಿಗೆ ೩,೬೦೦ ರೂಪಾಯಿ ಬಡ್ಡಿಯನ್ನೇ ಕಟ್ಟಿರುತ್ತೀರಿ; ಅಸಲು ಮಾತ್ರ ಹಾಗೆಯೇ ನಿಂತಿರುತ್ತದೆ. ಹಬ್ಬದಲ್ಲಿ ತಂದ ಬಣ್ಣದ ಕಾಗದ, ಪ್ಲಾಸ್ಟಿಕ್ ಮಾಲೆ, ಆಟದ ಸಾಮಾನು ಜನವರಿಯಲ್ಲಿಯೇ ತಿಪ್ಪೆ ಸೇರಿರುತ್ತವೆ.

ಹಬ್ಬ ಮಾಡಬೇಡಿರೆಂದು ಈ ಲೇಖನ ಹೇಳುವುದಿಲ್ಲ. ಕನಕಪುರದ ಕಡೆಯ ಹಾರೋಬೆಲೆಯಂತಹ ಊರುಗಳಲ್ಲಿ, ಕರಾವಳಿಯ ತೋಟದ ಮನೆಗಳಲ್ಲಿ, ಕ್ರೈಸ್ತ ಕುಟುಂಬಗಳು ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಈ ಹಬ್ಬವನ್ನು ನಡೆಸಿಕೊಂಡು ಬಂದಿವೆ. ಹಬ್ಬಕ್ಕೆ ಬೇಕಾದ ಬಹುಪಾಲು ಸಾಮಗ್ರಿ ಹೊಲದಲ್ಲಿ, ಹಿತ್ತಿಲಲ್ಲಿ, ಕೆರೆಯಂಗಳದಲ್ಲಿ ಇದೆ. ಅದನ್ನು ಬಳಸುವ ಬಗೆಯನ್ನು ಇಲ್ಲಿ ತಿಳಿಸಿದೆ.

ಗೋದಲಿ

ಯೇಸುಸ್ವಾಮಿ ಹುಟ್ಟಿದ್ದು ಅರಮನೆಯಲ್ಲಲ್ಲ. ತಂಗಲು ಸ್ಥಳ ಸಿಗದೆ, ಶಿಶುವನ್ನು ದನಗಳ ಮೇವಿನ ಗೋದಲಿಯಲ್ಲಿ ಮಲಗಿಸಿದರೆಂದು ಲೂಕನ ಸುವಾರ್ತೆ ಹೇಳುತ್ತದೆ. ಸುದ್ದಿ ಮೊದಲು ಮುಟ್ಟಿದ್ದು ರಾತ್ರಿ ಹಿಂಡು ಕಾಯುತ್ತಿದ್ದ ಕುರುಬರಿಗೆ. ೧೨೨೩ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬ ಊರಿನಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಒಣಹುಲ್ಲು ಹಾಸಿ, ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿ ಆ ದೃಶ್ಯವನ್ನು ಜನರಿಗೆ ಕಾಣಿಸಿದರು. ಹುಲ್ಲು ಮತ್ತು ದನ, ಇವೆರಡೇ ಅಂದಿನ ಅಲಂಕಾರ. ಇವು ಯಾವ ರೈತನ ಮನೆಯಲ್ಲಿಯೂ ಕೊಳ್ಳಬೇಕಾದ ವಸ್ತುಗಳಲ್ಲ.

ಗುಡ್ಡಕ್ಕೆ: ಹಳೆಯ ಗೋಣಿತಟ್ಟನ್ನು ಕೆಮ್ಮಣ್ಣಿನ ಗಂಜಿಯಂತಹ ಕೆಸರಿನಲ್ಲಿ ಅದ್ದಿ, ಕಲ್ಲು ಅಥವಾ ಮುರುಕು ಪೆಟ್ಟಿಗೆಗಳ ಮೇಲೆ ಮಡಿಕೆ ಬರುವಂತೆ ಹೊದಿಸಿರಿ. ಒಣಗಿದ ಮೇಲೆ ಕಲ್ಲುಗುಡ್ಡದಂತೆ ಗಟ್ಟಿಯಾಗಿ ನಿಲ್ಲುತ್ತದೆ.

ಕೊಟ್ಟಿಗೆಗೆ: ಜೋಳದ ದಂಟು ಗೋಡೆಗೆ, ರಾಗಿ ಹುಲ್ಲು ಹೊದಿಕೆಗೆ. ತೆಂಗಿನ ನಾರು ಕಟ್ಟಲು ಸಾಕು.

ಬೊಂಬೆಗಳಿಗೆ: ಕೆರೆಯ ಜೇಡಿಮಣ್ಣನ್ನು ಒಣಗಿಸಿ ಕುಟ್ಟಿ, ಜರಡಿ ಹಿಡಿದು, ನೆನೆಸಿ ಚೆನ್ನಾಗಿ ನಾದಿರಿ. ಸ್ವಲ್ಪ ಹತ್ತಿಯ ಎಳೆ ಅಥವಾ ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿದರೆ ಬಿರುಕು ಕಡಿಮೆ. ಮಾಡಿದ ಬೊಂಬೆಗಳನ್ನು ಬಿಸಿಲಿಗಿಡದೆ ನೆರಳಿನಲ್ಲಿ ಒಂದು ವಾರ ಒಣಗಿಸಬೇಕು. ಬಿಸಿಲಿನಲ್ಲಿ ಮೇಲ್ಮೈ ಬೇಗ ಒಣಗಿ, ಒಳಗು ಹಸಿಯಾಗಿಯೇ ಉಳಿದು ಸೀಳುತ್ತದೆ. ಬಿಳಿಗೆ ಸುಣ್ಣ, ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಅರಿಸಿನ, ಕಪ್ಪಿಗೆ ದೀಪದ ಮಸಿ ಇವೆ. ಅರಿಸಿನವನ್ನು ಸುಣ್ಣದೊಡನೆ ಬೆರೆಸಿದರೆ ಕೆಂಪಾಗುವುದೆಂಬುದನ್ನು ನೆನಪಿನಲ್ಲಿಡಿರಿ. ಎತ್ತಿಗೆ ನಮ್ಮ ಹಳ್ಳಿಕಾರ್ ಎತ್ತಿನ ಕೊಂಬು ಇಟ್ಟರೆ ತಪ್ಪೇನೂ ಇಲ್ಲ. ಮಕ್ಕಳಿಗೆ ಅದು ತಮ್ಮ ಮನೆಯ ಎತ್ತೆನಿಸುತ್ತದೆ.

ಹಸಿರಿಗೆ: ತೆಂಗಿನ ಚಿಪ್ಪು, ಹಳೆಯ ತಟ್ಟೆಗಳಲ್ಲಿ ಎರಡು ಬೆರಳಷ್ಟು ಮಣ್ಣುಗೊಬ್ಬರ ತುಂಬಿ ಬೀಜ ಚೆಲ್ಲಿ ಬೆಳೆಸಿದ ಪೈರು ಗೋದಲಿಗೆ ಬಹಳ ಶೋಭೆ ಕೊಡುತ್ತದೆ. ರಾಗಿ ಮತ್ತು ಮೊಳಕೆ ಕಟ್ಟಿದ ಭತ್ತವನ್ನು ಡಿಸೆಂಬರ್ ೧೦ರೊಳಗೆ, ಗೋಧಿಯನ್ನು ೧೪ರ ಸುಮಾರಿಗೆ ಹಾಕಿರಿ. ಚಳಿ ಹೆಚ್ಚಿರುವ ಕಡೆ ಎರಡು ದಿನ ಮೊದಲೇ ಆಗಲಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಔಷಧಿಯಿಂದ ಉಪಚರಿಸಿದ ಬಣ್ಣದ ಬಿತ್ತನೆ ಬೀಜವನ್ನು ಈ ಕೆಲಸಕ್ಕೆ ಬಳಸಬಾರದು. ಮಕ್ಕಳ ಕೈ ಅದರಲ್ಲಿ ಆಡುತ್ತದೆ. ಹಬ್ಬದ ಮೇಲೆ ಪೈರು ಕರುವಿಗೋ ಕೋಳಿಗೋ ಹೋಗುತ್ತದೆ. ಊಟಕ್ಕೆ ಇಟ್ಟ ಕಾಳೇ ಸಾಕು.

ನಕ್ಷತ್ರ

ಮೂಡಣ ದೇಶದ ಜ್ಞಾನಿಗಳಿಗೆ ದಾರಿ ತೋರಿದ ನಕ್ಷತ್ರದ ನೆನಪಿಗಾಗಿ ಮನೆಯ ಮುಂದೆ ನಕ್ಷತ್ರದ ಗೂಡನ್ನು ಕಟ್ಟುತ್ತಾರೆ. ಇದಕ್ಕೆ ಎರಡೂವರೆ ಅಡಿ ಉದ್ದದ ಹತ್ತು ಬಿದಿರಿನ ದಬ್ಬೆಗಳು ಬೇಕು. ಐದೈದು ದಬ್ಬೆಗಳನ್ನು ತುದಿಗೆ ತುದಿ ಕಟ್ಟಿ ಐದು ಮೂಲೆಯ ಎರಡು ನಕ್ಷತ್ರ ಮಾಡಿರಿ. ಅವನ್ನು ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ಸೇರಿಸಿ ಬಿಗಿಯಿರಿ. ದಬ್ಬೆಗಳು ಒಂದನ್ನೊಂದು ದಾಟುವ ಐದು ಒಳಸಂದುಗಳಲ್ಲಿ ಆರು ಅಂಗುಲದ ಕಡ್ಡಿಗಳನ್ನು ಎರಡು ನಕ್ಷತ್ರಗಳ ನಡುವೆ ಊರೆ ಕೊಟ್ಟು ಕಟ್ಟಿದರೆ ಹೊಟ್ಟೆ ಉಬ್ಬಿದ ಗೂಡು ಸಿದ್ಧವಾಗುತ್ತದೆ. ಗಾಳಿಪಟದ ಕಾಗದವನ್ನು ಮೈದಾ ಅಂಟಿನಿಂದ ಹಚ್ಚಿರಿ. ಬಲ್ಬು ಇಳಿಸಲು ಮೇಲುಗಡೆ ಒಂದು ಸಂದು ಬಿಡಿರಿ. ಬಿದಿರಿನ ಗೂಡನ್ನು ಜೋಪಾನವಾಗಿ ಅಟ್ಟದ ಮೇಲಿಟ್ಟರೆ ಮುಂದಿನ ವರ್ಷ ಕಾಗದ ಮಾತ್ರ ಬದಲಿಸಬಹುದು.

ಒಳಗೆ ಮೇಣದಬತ್ತಿ ಇಡಬೇಡಿರಿ. ೫ ವಾಟಿನ ಎಲ್‌ಇಡಿ ಬಲ್ಬು ರಾತ್ರಿಗೆ ೬ ಗಂಟೆಯಂತೆ ೧೫ ರಾತ್ರಿ ಉರಿದರೂ ಅರ್ಧ ಯೂನಿಟ್ ವಿದ್ಯುತ್ತೂ ಆಗುವುದಿಲ್ಲ. ಇದು ಹುಲ್ಲು ಮೆದೆ ಹಾಕಿರುವ ಕಾಲ. ಗಾಳಿಗೆ ಹಾರಿದ ಒಂದು ಕಿಡಿ ವರ್ಷದ ಮೇವನ್ನೂ ಕಣದ ತೆನೆಯನ್ನೂ ಸುಡಬಲ್ಲದು. ಹುಲ್ಲಿನ ಗೋದಲಿಯೊಳಗೂ ಬೆಂಕಿಯ ದೀಪ ಬೇಡ. ಪಂಪುಸೆಟ್ಟಿನ ತಂತಿಗೆ ಅಥವಾ ಕಂಬಕ್ಕೆ ಕೊಕ್ಕೆ ಹಾಕಿ ದೀಪ ಎಳೆಯುವುದು ಪ್ರಾಣಕ್ಕೆ ಅಪಾಯ. ತಂತಿಯ ಜೋಡಣೆಗಳಿಗೆ ಟೇಪು ಸುತ್ತಿ, ಮಕ್ಕಳ ಕೈಗೂ ದನಗಳ ಕೊಂಬಿಗೂ ಎಟುಕದಂತೆ ಎತ್ತರದಲ್ಲಿ ಕಟ್ಟಿರಿ.

ಹಬ್ಬದ ಮರ

ಅಲಂಕರಿಸಿದ ಮರ ನಿಲ್ಲಿಸುವ ಪದ್ಧತಿ ಜರ್ಮನಿಯ ಕಡೆಯಿಂದ ಹಬ್ಬಿದ್ದು. ಅಲ್ಲಿಯ ಮರ ನಮ್ಮಲ್ಲಿ ಬೆಳೆಯದು. ಅದಕ್ಕೆ ಬದಲಾಗಿ ನಮ್ಮವರು ಸರ್ವೆ ಮರದ ಕೊಂಬೆ ತರುತ್ತಾರೆ. ಸ್ವಂತ ಸರ್ವೆ ತೋಪಿದ್ದರೆ ಪಕ್ಕದ ಕೊಂಬೆಯನ್ನು ಮಾತ್ರ ಕಡಿಯಿರಿ. ತುದಿ ಮುರಿದರೆ ಕಂಬದ ಬೆಲೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ನಿಂಬೆ, ನುಗ್ಗೆ, ಹಲಸು ಯಾವುದಾದರೊಂದು ಸಸಿಯನ್ನು ಕುಂಡದಲ್ಲಿ ಬೆಳೆಸಿ ಅದನ್ನೇ ಸಿಂಗರಿಸಿರಿ. ಮಳೆ ಹಿಡಿದೊಡನೆ ಬದುವಿನ ಮೇಲೆ ನೆಟ್ಟರೆ ಹಬ್ಬದ ಮರ ಹಣ್ಣಿನ ಮರವಾಗುತ್ತದೆ.

ತೂಗಲು ಒಡೆದ ಹತ್ತಿಕಾಯಿ, ಅಡಿಕೆ ಹಾಳೆಯಿಂದ ಕತ್ತರಿಸಿದ ಗಂಟೆ ಮತ್ತು ಹಕ್ಕಿ, ಹಳೆಯ ಪತ್ರಿಕೆಯ ಸರಪಳಿ ಚೆನ್ನಾಗಿರುತ್ತವೆ. ಮುಸುಕಿನ ಜೋಳದ ಸಿಪ್ಪೆಯನ್ನು ಕಾಲು ಗಂಟೆ ನೀರಿನಲ್ಲಿ ನೆನೆಸಿದರೆ ಬಟ್ಟೆಯಂತೆ ಬಾಗುತ್ತದೆ. ಹೂವಿನಂತೆ ಮಡಿಚಿ ದಾರ ಕಟ್ಟಿ ಒಣಗಿಸಿರಿ.

ತಿಂಡಿ

ಮಂಗಳೂರು ಕಡೆಯ ಕ್ರೈಸ್ತರು ಹಬ್ಬದ ತಿಂಡಿಗಳ ಸಮೂಹವನ್ನು ಕುಸ್ವಾರ್ ಎನ್ನುತ್ತಾರೆ. ಕರ್ಜಿಕಾಯಿಯ ಬಗೆ, ಚಕ್ಕುಲಿ, ಗುಲಾಬಿ ಹೂವಿನ ಆಕಾರದ ತಿಂಡಿ ಅದರಲ್ಲಿರುತ್ತವೆ. ಬಯಲುಸೀಮೆಯಲ್ಲಿ ಕಜ್ಜಾಯ, ರವೆ ಉಂಡೆ, ಎಳ್ಳುಂಡೆಗಳೂ ಸೇರುತ್ತವೆ. ಪೇಟೆಯ ಕೇಕು ಇಲ್ಲದಿದ್ದರೆ ಹಬ್ಬ ಕಡಿಮೆಯೆಂದು ತಿಳಿಯಬೇಕಾಗಿಲ್ಲ.

ಮಕ್ಕಳಿಗೆ ಪ್ರಿಯವಾದ ಕಲ್‌ಕಲ್ ಮಾಡುವುದು ಸುಲಭ. ಒಂದು ಕಿಲೋ ಮೈದಾ ಅಥವಾ ನಯವಾದ ಗೋಧಿ ಹಿಟ್ಟಿಗೆ ಚಿಟಿಕೆ ಉಪ್ಪು, ಎರಡು ಚಮಚ ಬಿಸಿ ತುಪ್ಪ ಹಾಕಿರಿ. ಒಂದು ತೆಂಗಿನಕಾಯಿಯ ಗಟ್ಟಿ ಹಾಲಿನಲ್ಲಿ ೨೦೦ ಗ್ರಾಂ ಸಕ್ಕರೆ ಕರಗಿಸಿ, ಹಿಟ್ಟು ಹಿಡಿದಷ್ಟು ಸೇರಿಸಿ ಪೂರಿಯ ಹದಕ್ಕೆ ನಾದಿ ಒಂದು ಗಂಟೆ ಬಿಡಿರಿ. ಗೋಲಿಯಷ್ಟು ಹಿಟ್ಟನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿ ಹದ ಉರಿಯಲ್ಲಿ ಕರಿಯಿರಿ. ಚೆನ್ನಾಗಿ ಆರಿದ ಮೇಲೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಹಲವು ದಿನ ಕೆಡುವುದಿಲ್ಲ.

ನಾಲ್ಕು ಮನೆಯವರು ಕೂಡಿದರೆ ಖರ್ಚು ಇನ್ನೂ ಇಳಿಯುತ್ತದೆ. ಒಂದೊಂದು ಮನೆಯವರು ಒಂದೊಂದೇ ತಿಂಡಿ ಮಾಡಿ ಹಂಚಿಕೊಂಡರೆ, ಒಂದೇ ಬಾಣಲೆ ಎಣ್ಣೆಯಲ್ಲಿ ಕೆಲಸ ಮುಗಿಯುತ್ತದೆ. ಎಲ್ಲರ ತಟ್ಟೆಯಲ್ಲಿಯೂ ನಾಲ್ಕು ಬಗೆ ಇರುತ್ತದೆ. ಹಿಂದೂ ಮುಸಲ್ಮಾನ ನೆರೆಯವರ ಮನೆಗೆ ಹಬ್ಬದ ತಟ್ಟೆ ಕಳುಹಿಸುವ ಒಳ್ಳೆಯ ವಾಡಿಕೆಗೂ ಆಗ ಕೊರತೆ ಬಾರದು.

ಉಡುಗೊರೆ

ಹೋಲಿಕೆ ಹುಟ್ಟುವುದು ಇಲ್ಲಿಯೇ. ಪಕ್ಕದ ಮನೆಯ ಹುಡುಗನಿಗೆ ಪೇಟೆಯ ಆಟದ ಕಾರು ಬಂದರೆ ನಮ್ಮ ಹುಡುಗ ಮುಖ ಬಾಡಿಸುತ್ತಾನೆ. ತಂದೆ ಸಾಲಕ್ಕೆ ಹೊರಡುತ್ತಾನೆ. ಊರಿನ ಹಿರಿಯರು ಕೂಡಿ, ಈ ವರ್ಷ ಮಕ್ಕಳಿಗೆ ಕೈಯಲ್ಲಿ ಮಾಡಿದ ಉಡುಗೊರೆಯನ್ನೇ ಕೊಡುವುದೆಂದು ಮಾತನಾಡಿಕೊಂಡರೆ ಈ ನೋವು ತಪ್ಪುತ್ತದೆ. ಒಬ್ಬರೇ ಮಾಡಿದರೆ ಬಡತನವೆನ್ನುತ್ತಾರೆ. ಊರೇ ಮಾಡಿದರೆ ಪದ್ಧತಿಯೆನ್ನುತ್ತಾರೆ.

ಕೊಡಬಹುದಾದವು ಬಹಳ ಇವೆ. ಜೋಳದ ದಂಟಿನ ಗಾಡಿ, ಚಿಂದಿಯ ಬೊಂಬೆ, ಬುಗುರಿ ಚಿಕ್ಕವರಿಗೆ. ಹಳೆಯ ಸೀರೆಗಳನ್ನು ಪದರ ಮಾಡಿ ಹೊಲಿದ ಕೌದಿ ಅಜ್ಜ ಅಜ್ಜಿಯರಿಗೆ. ಡಿಸೆಂಬರಿನ ಚಳಿಗೆ ಇದಕ್ಕಿಂತ ತಕ್ಕ ವಸ್ತು ಬೇರೆಯಿಲ್ಲ. ಬಟ್ಟೆಯ ಗಂಟಿನಲ್ಲಿ ಕಟ್ಟಿದ ಅವರೆ, ಕುಂಬಳ, ಹೀರೆಯ ಬೀಜ ನೆಂಟರಿಗೆ. ಬೆಳೆದ ಹುಡುಗ ಹುಡುಗಿಯರಿಗೆ ಎರಡು ಕೋಳಿಮರಿ ಅಥವಾ ಒಂದು ಕಸಿ ಮಾವಿನ ಸಸಿ ಕೊಟ್ಟು, ಅದರ ಆದಾಯ ಅವರದೇ ಎಂದು ಹೇಳಿರಿ. ಕೊಳ್ಳಲೇಬೇಕೆಂದಿದ್ದರೆ, ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕುವ ಚನ್ನಪಟ್ಟಣದ ಬೊಂಬೆ ಕೊಳ್ಳಿರಿ. ಹಣ ನಮ್ಮ ನಾಡಿನ ಕುಶಲಕರ್ಮಿಗೇ ಸೇರುತ್ತದೆ.

ಮುಂದಿನ ವರ್ಷಕ್ಕೆ

ಹೊಸ ಬಟ್ಟೆಗೆ ಮಾತ್ರ ಹಣ ಬೇಕೇಬೇಕು. ಸ್ವಸಹಾಯ ಸಂಘದಲ್ಲಿ ವಾರಕ್ಕೆ ೫೦ ರೂಪಾಯಿಯಂತೆ ೪೦ ವಾರ ಹಬ್ಬಕ್ಕೆಂದೇ ಬೇರೆ ಉಳಿಸಿದರೆ ೨,೦೦೦ ರೂಪಾಯಿ ಕೈಗೆ ಬರುತ್ತದೆ. ಫೆಬ್ರವರಿಯಲ್ಲಿ ಪ್ರಾರಂಭಿಸಿದವರು ಡಿಸೆಂಬರಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ.

ಕೆಲಸದ ಕ್ರಮ

ನವೆಂಬರ್ ಕೊನೆಯ ವಾರ: ಜೇಡಿಮಣ್ಣು ತಂದು ಬೊಂಬೆ ಮಾಡಿ ನೆರಳಿಗಿಡುವುದು, ಬಿದಿರು ಸೀಳುವುದು.
ಡಿಸೆಂಬರ್ ೮ರಿಂದ ೧೪: ಚಿಪ್ಪುಗಳಲ್ಲಿ ಬೀಜ ಹಾಕುವುದು, ನಕ್ಷತ್ರ ಕಟ್ಟುವುದು.
೧೫ರಿಂದ ೧೮: ಬೊಂಬೆಗೆ ಬಣ್ಣ; ಕೌದಿ, ಆಟದ ಸಾಮಾನು ಮುಗಿಸುವುದು.
೧೯ರಿಂದ ೨೨: ಮನೆಗಳವರು ಕೂಡಿ ತಿಂಡಿ ಮಾಡುವುದು.
೨೩: ಗೋದಲಿ, ಮರ ಅಣಿಮಾಡುವುದು. ಬಾಲಯೇಸುವಿನ ಬೊಂಬೆಯನ್ನು ೨೪ರ ರಾತ್ರಿ ಇಡುವುದು.
ಜನವರಿ ೬, ಜ್ಞಾನಿಗಳ ಹಬ್ಬದ ನಂತರ: ಪೈರು ಕರುವಿಗೆ, ಹುಲ್ಲು ಗೊಬ್ಬರದ ಗುಂಡಿಗೆ, ಬೊಂಬೆಗಳೂ ನಕ್ಷತ್ರದ ಗೂಡೂ ಅಟ್ಟಕ್ಕೆ. ಸಸಿಗೆ ಮಳೆಗಾಲದವರೆಗೆ ತಪ್ಪದೆ ನೀರು.